ಗಡಿಯಾಚೆಯ ಕೆರೆಗೆ ಕೃಷ್ಣೆ

ಛಟ್ಟಿ ಅಮಾವಾಸ್ಯೆ ಹತ್ತಿರ ಬಂತೆಂದರೆ ವಿಜಯಪುರದಿಂದ ತಿಕೋಟಾ ಕಡೆಗಿನ ರಸ್ತೆಯ ತುಂಬ ಪಾದಯಾತ್ರಿಗಳು. ಬರಿಗಾಲು, ಹೆಗಲಿಗೊಂದು ಚೀಲ, ಬಾಯಲ್ಲಿ ದಾನಮ್ಮದೇವಿಯ ಹೆಸರು. ಅವರು ಮುಟ್ಟಬೇಕಾದ ಗುಡ್ಡಾಪುರ ಇರುವುದು ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ. ರಾಜ್ಯ ಎಲ್ಲಿ ಬದಲಾಯಿತೆಂದು ನಡೆಯುವ ಕಾಲಿಗೆ ಗೊತ್ತಾಗುವುದಿಲ್ಲ. ಆಚೆಗೂ ಜೋಳದ ಹೊಲ, ಆಚೆಗೂ ‘ನೀರ ಕುಡದ ಹೋಗ್ರಿ ಯವ್ವಾ’ ಎನ್ನುವ ನಮ್ಮದೇ ಮಾತು.

ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಆ ಮನೆತನಕ್ಕೆ ಜಹಗೀರು ಕೊಟ್ಟದ್ದು ವಿಜಯಪುರದ ಆದಿಲಶಾಹಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿಜಯಪುರ ಈ ಕಡೆ ಬಂತು, ಜತ್ತ ಆ ಕಡೆಯೇ ಉಳಿಯಿತು. ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿ 247 ಹಳ್ಳಿ ಕರ್ನಾಟಕಕ್ಕೆ, 264 ಮಹಾರಾಷ್ಟ್ರಕ್ಕೆ ಎಂದಿತು. ಮೊದಲಿನ ಪಟ್ಟಿಯಲ್ಲಿ ಜತ್ತದ ಹಳ್ಳಿಗಳೂ ಇದ್ದವು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಿಂದ ವಿಷಯ ಸುಪ್ರೀಂ ಕೋರ್ಟಿನಲ್ಲಿದೆ.

ಜತ್ತದ ಉಮದಿ, ಸಂಖ, ತಿಕ್ಕುಂಡಿ ಕಡೆಯ ರೈತರಿಗೆ ಕೋರ್ಟಿಗಿಂತ ಹತ್ತಿರದ ಚಿಂತೆ ನೀರು. ಗಡಿಯ ಈಚೆ, ನಮ್ಮ ತಿಕೋಟಾ ಭಾಗದ ದ್ರಾಕ್ಷಿ ಶೆಡ್ಡಿನೊಳಗೆ ಒಮ್ಮೆ ನಿಂತು ನೋಡಿ: ಔಷಧದ ನೀರಲ್ಲಿ ಅದ್ದಿದ ಗೊನೆಗಳು ಅಟ್ಟದ ಮೇಲೆ ಅಟ್ಟ ಕಟ್ಟಿದ ಜಾಲರಿಯ ಮೇಲೆ ಎರಡು ವಾರ ನೆರಳಲ್ಲಿ ಒಣಗುತ್ತವೆ. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಮಣೂಕ. ಆ ಮಣೂಕ ಮಾರಾಟಕ್ಕೆ ಹೋಗುವುದು ತಾಸಗಾಂವ, ಸಾಂಗ್ಲಿ ಪೇಟೆಗೆ. ನಮ್ಮ ಮಾಲು ಅವರ ಪೇಟೆಗೆ ಹೋಗುವಾಗ ಯಾವ ಗಡಿಯೂ ಅಡ್ಡ ಬರುವುದಿಲ್ಲ. ನೀರಿಗೆ ಮಾತ್ರ ಬರುತ್ತದೆ.

ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣೆಯನ್ನು ಎತ್ತಿ ತರುವ ತುಬಚಿ–ಬಬಲೇಶ್ವರ ಏತ ನೀರಾವರಿ ಈ ಭಾಗದ ಹಣೆಬರಹವನ್ನೇ ಬದಲಿಸಿತು. ಆಚೆಯವರು ಅದನ್ನು ಕಣ್ಣಾರೆ ಕಂಡರು. ಅವರಿಗೆ ಬರಬೇಕಿದ್ದ ಮ್ಹೈಸಾಳ ಯೋಜನೆಯ ನೀರು ಪೂರ್ವದ ಹಳ್ಳಿಗಳನ್ನು ಮುಟ್ಟಲೇ ಇಲ್ಲ. ಸುಮಾರು 40 ಹಳ್ಳಿಗಳು ‘ನಾವು ಕರ್ನಾಟಕಕ್ಕೆ ಸೇರುತ್ತೇವೆ’ ಎಂದು ಠರಾವು ಮಾಡಿದ್ದು ಈ ಸಂಕಟದಲ್ಲಿ. 2022ರ ನವೆಂಬರಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವಿನ ಮಾತೆತ್ತಿದಾಗ ಎರಡೂ ರಾಜಧಾನಿಗಳಲ್ಲಿ ಗದ್ದಲವೆದ್ದಿತು. ಅದೇ ಹೊತ್ತಿಗೆ ತುಬಚಿಯ ನೀರು ಹರಿದು ತಿಕ್ಕುಂಡಿಯ ಕೆರೆ ತುಂಬಿತು. ಮಹಾರಾಷ್ಟ್ರ ಸರ್ಕಾರ ಮ್ಹೈಸಾಳದ ವಿಸ್ತರಣೆಗೆ ಚುರುಕಾದದ್ದು ಆಮೇಲೆ.

ನೀರಿನ ಜೊತೆ ಭಾಷೆಯ ಚಿಂತೆಯೂ ಇದೆ. ನಮ್ಮ ಗಡಿಯಲ್ಲಿ ಯಾರೂ ಊರು ಬಿಡಬೇಕಾಗಿಲ್ಲ. ಆದರೆ ಜತ್ತದ ಕನ್ನಡ ಶಾಲೆಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಹಾಕಿದಾಗ ಮಕ್ಕಳ ತಂದೆತಾಯಿ ಬೀದಿಗಿಳಿಯಬೇಕಾಯಿತು. ಊರು ಇದ್ದಲ್ಲೇ ಇದ್ದು ಭಾಷೆ ಮಾತ್ರ ಕೈಬಿಡುವುದೂ ಸಣ್ಣ ನಷ್ಟವಲ್ಲ.

ಬೇಸಿಗೆಯಲ್ಲಿ ಕೊಯ್ನಾ ಅಣೆಕಟ್ಟೆಯಿಂದ ಕೃಷ್ಣೆಗೆ ಮಹಾರಾಷ್ಟ್ರ ನೀರು ಬಿಡುವುದು, ಬದಲಿಗೆ ತುಬಚಿಯಿಂದ ಜತ್ತಕ್ಕೆ ನಾವು ಕೊಡುವುದು ಎಂಬ ಮಾತು 2019ರಲ್ಲೇ ಎರಡು ಸರ್ಕಾರಗಳ ನಡುವೆ ಬಂದಿತ್ತು. ಅದು ಲಿಖಿತ ಒಪ್ಪಂದವಾಗಲಿ. ಗಡಿ ಎಲ್ಲಿಯದೆಂದು ಕೋರ್ಟು ಹೇಳುವ ತನಕ ತಿಕ್ಕುಂಡಿಯ ಕೆರೆ ಕಾಯಬೇಕಾಗಿಲ್ಲ.