ಗಡ್ಡೆಯ ಬಳಿಯೇ ನಿಂತು ಔಷಧ ನೀಡುವ ಹೈಡ್ರೊಜೆಲ್

ಕಳೆದ ತಿಂಗಳು ಅಜ್ಜಂಪುರದ ಕಡೆಯ ಭಕ್ತರೊಬ್ಬರ ಪತ್ನಿ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಪತಿಗೆ ಕೆನ್ನೆಯ ಒಳಭಾಗದ ಕ್ಯಾನ್ಸರ್. ಬೆಂಗಳೂರಿನಲ್ಲಿ ಕಿಮೊಥೆರಪಿಯ ಎರಡು ಸುತ್ತು ಮುಗಿಸಿ, ವಾಂತಿ ಮತ್ತು ನಿತ್ರಾಣವನ್ನು ತಾಳಲಾರದೆ ಮೂರನೆಯದಕ್ಕೆ ಹೋಗದೆ ಮನೆಯಲ್ಲಿಯೇ ಉಳಿದಿದ್ದರು. ಯಾರೋ ಮೊಬೈಲಿಗೆ ಕಳುಹಿಸಿದ ವಿಡಿಯೊ ಒಂದನ್ನು ಆ ತಾಯಿ ತೋರಿಸಿ ಕೇಳಿದರು: “ಡಾಕ್ಟ್ರೇ, ಗಡ್ಡೆಗೆ ಒಂದು ಜೆಲ್ ಹಾಕಿದ್ರೆ ಸಾಕಂತೆ, ಕಿಮೋನೇ ಬೇಡ್ವಂತೆ. ನಿಮ್ಮ ಹತ್ರ ಸಿಗುತ್ತಾ?”

ವಿಡಿಯೊದಲ್ಲಿದ್ದುದು ಪೂರ್ತಿ ಸುಳ್ಳಲ್ಲ. ಅದರಿಂದಲೇ ಅಪಾಯ ಹೆಚ್ಚು. ಆದುದರಿಂದ ಈ ವಿಷಯವನ್ನು ಭಕ್ತಬಾಂಧವರೆಲ್ಲರ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ಕಾಮಕಸ್ತೂರಿ ಬೀಜವನ್ನು ನೀರಿನಲ್ಲಿ ನೆನೆಸಿದಾಗ ಪ್ರತಿ ಬೀಜದ ಸುತ್ತಲೂ ಲೋಳೆಯ ಪೊರೆಯೊಂದು ಉಬ್ಬಿಕೊಳ್ಳುತ್ತದೆ. ಉದ್ದನೆಯ ಎಳೆಗಳು ಬಲೆಯಂತೆ ಹೆಣೆದುಕೊಂಡು ತಮ್ಮ ತೂಕದ ಎಷ್ಟೋ ಪಟ್ಟು ನೀರನ್ನು ಹಿಡಿದಿಡುತ್ತವೆ. ಬಲೆ ಮಾತ್ರ ಕರಗುವುದಿಲ್ಲ. ಇಂತಹುದೇ ಹೈಡ್ರೊಜೆಲ್. 1960ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟೆರ್ಲೆ ಮತ್ತು ದ್ರಹೊಸ್ಲಾವ್ ಲಿಮ್ ಎಂಬ ವಿಜ್ಞಾನಿಗಳು ದೇಹಕ್ಕೆ ಹೊಂದುವ ಕೃತಕ ಹೈಡ್ರೊಜೆಲ್ ಒಂದನ್ನು ವರದಿ ಮಾಡಿದರು. ಕಣ್ಣಿಗೆ ಹಾಕುವ ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಅದರಿಂದಲೇ ಹುಟ್ಟಿತು. 1978ರಲ್ಲಿ ತೊಯೊಇಚಿ ತನಾಕ ಎಂಬವರು, ಸುತ್ತಲಿನ ಪರಿಸ್ಥಿತಿ ತುಸುವೇ ಬದಲಾದರೂ ಕೆಲವು ಜೆಲ್‌ಗಳು ಒಮ್ಮೆಲೇ ಕುಗ್ಗುವುದನ್ನು ತೋರಿಸಿದರು. ಬಲೆಯೊಳಗೆ ಔಷಧವನ್ನು ಸೇರಿಸಿ, ಬೇಕಾದ ಸ್ಥಳದಲ್ಲಿ ಮಾತ್ರ ಬಿಡುವಂತೆ ಮಾಡಿದರೆ ಹೇಗೆ ಎಂಬ ಆಲೋಚನೆಗೆ ಇಲ್ಲಿ ದಾರಿ ತೆರೆಯಿತು.

ಆಯುರ್ವೇದ ವೈದ್ಯರಾದ ನಮಗೆ ಇದನ್ನು ಓದಿದಾಗ ಕ್ಷಾರಸೂತ್ರವು ನೆನಪಿಗೆ ಬಂದಿತು. ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನಗಳನ್ನು ಇಪ್ಪತ್ತೊಂದು ಲೇಪವಾಗಿ ದಾರಕ್ಕೆ ಬಳಿದು, ಒಣಗಿಸಿ, ಭಗಂದರದ ನಾಳದೊಳಗೆ ಕಟ್ಟುತ್ತೇವೆ. ಔಷಧವು ದಿನಗಟ್ಟಲೆ ಅಲ್ಲಿಯೇ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ದಾರವನ್ನು ಬದಲಿಸುತ್ತೇವೆ. ಆದರೆ ದಾರಕ್ಕೆ ತಾನೆಲ್ಲಿದ್ದೇನೆಂಬ ಅರಿವಿಲ್ಲ. ಹೊಸ ಜೆಲ್‌ಗಳಿಗೆ ಅಂತಹ ಅರಿವಿನಂತಹುದನ್ನು ಕೊಡಲು ವಿಜ್ಞಾನಿಗಳು ಯತ್ನಿಸುತ್ತಿದ್ದಾರೆ.

ಯಾವುದರಿಂದ ಅರಿವು? ರಕ್ತದ ಪಿಎಚ್ ಸುಮಾರು 7.4. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಅವಸರದಲ್ಲಿ ಉರಿಸಿ ಲ್ಯಾಕ್ಟಿಕ್ ಆಮ್ಲವನ್ನು ಹೊರಚೆಲ್ಲುವುದರಿಂದ ಅನೇಕ ಗಡ್ಡೆಗಳ ಸುತ್ತ ಅದು 6.5ರಿಂದ 7ರ ನಡುವೆ ಇರುತ್ತದೆ. ಹಾಲಿಗೆ ನಿಂಬೆರಸ ಬಿದ್ದಾಗ ಒಡೆಯುವಂತೆ, ಈ ಹುಳಿಗೆ ಬಲೆಯ ಬಂಧಗಳು ಸಡಿಲಗೊಂಡು ಔಷಧ ಹೊರಬರುವಂತೆ ಜೆಲ್ ತಯಾರಿಸಬಹುದು. ಗಡ್ಡೆಯು ಸ್ರವಿಸುವ ಕಿಣ್ವಗಳಿಂದ ಕತ್ತರಿಸಲ್ಪಡುವಂತೆ ಮಾಡಿದವುಗಳೂ ಇವೆ. ಬೆಳಕಿಗೆ, ಕಾಂತಕ್ಷೇತ್ರಕ್ಕೆ ಸ್ಪಂದಿಸುವವುಗಳೂ ಇವೆ. ಇವುಗಳಲ್ಲಿ ಬಹುಪಾಲು ಇನ್ನೂ ಪ್ರಯೋಗಶಾಲೆಯ ಗಾಜಿನ ಪಾತ್ರೆ ಮತ್ತು ಇಲಿಗಳ ಹಂತದಲ್ಲಿವೆ.

ರೋಗಿಯವರೆಗೆ ತಲುಪಿರುವುದು ಉಷ್ಣಕ್ಕೆ ಸ್ಪಂದಿಸುವ ಜೆಲ್. ತುಪ್ಪವು ಚಳಿಗೆ ಹೆಪ್ಪುಗಟ್ಟಿ ಬಿಸಿಲಿಗೆ ಕರಗುತ್ತದೆ; ಇದರ ಸ್ವಭಾವ ತದ್ವಿರುದ್ಧ. ತಣ್ಣಗಿರುವಾಗ ದ್ರವ, ದೇಹದ ಬಿಸಿ ತಾಗಿದೊಡನೆ ಗಟ್ಟಿ. ಮೂತ್ರಪಿಂಡದಿಂದ ಇಳಿಯುವ ನಾಳದ ಮೇಲ್ಭಾಗದಲ್ಲಿ ಕ್ಯಾನ್ಸರ್ ಆದಾಗ ಅಲ್ಲಿ ನೀರಿನಂತಹ ಔಷಧ ಹಾಕಿದರೆ ಮೂತ್ರದೊಡನೆ ಬೇಗನೆ ಕೊಚ್ಚಿಹೋಗುತ್ತದೆ. ಮೈಟೊಮೈಸಿನ್ ಎಂಬ ಹಳೆಯ ಕಿಮೊ ಔಷಧವನ್ನೇ ಈ ಜೆಲ್‌ನಲ್ಲಿ ಬೆರೆಸಿ ಸಣ್ಣ ನಳಿಕೆಯ ಮೂಲಕ ಒಳಬಿಟ್ಟರೆ, ಅದು ಅಲ್ಲಿ ಹೆಪ್ಪುಗಟ್ಟಿ ನಾಲ್ಕರಿಂದ ಆರು ಗಂಟೆಗಳ ಕಾಲ ಮೆಲ್ಲನೆ ಕರಗುತ್ತದೆ. ವಾರಕ್ಕೊಂದರಂತೆ ಆರು ಬಾರಿ ಕೊಟ್ಟ ಪರೀಕ್ಷೆಯಲ್ಲಿ 71 ರೋಗಿಗಳ ಪೈಕಿ 42 ಮಂದಿಯಲ್ಲಿ ಗಡ್ಡೆ ಕಾಣದಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರ ಏಪ್ರಿಲ್‌ನಲ್ಲಿ ಇದಕ್ಕೆ ಅನುಮತಿ ನೀಡಿತು. ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರಿಗೆ ಇಂತಹುದೇ ಜೆಲ್‌ಗೆ 2025ರಲ್ಲಿ ಅನುಮತಿ ದೊರೆಯಿತು. ಆದರೆ ಆ 71 ಮಂದಿಯಲ್ಲಿ 31 ಮಂದಿಗೆ ಮೂತ್ರನಾಳ ಕಿರಿದಾಗುವ ತೊಂದರೆಯೂ ಬಂದಿತ್ತು. ವಿಡಿಯೊ ಮಾಡಿದವರು ಇದನ್ನು ಹೇಳಿರಲಿಲ್ಲ. ಈ ಜೆಲ್ ಕಿಮೊಥೆರಪಿಗೆ ಬದಲಾದ ವಸ್ತುವಲ್ಲ, ಕಿಮೊ ಔಷಧವನ್ನೇ ಹೊತ್ತೊಯ್ಯುವ ವಾಹನ ಎಂಬುದನ್ನೂ ಹೇಳಿರಲಿಲ್ಲ. ನಮ್ಮ ಶಾಸ್ತ್ರದ ಮಾತಿನಲ್ಲಿ ಇದೊಂದು ಅನುಪಾನವಿದ್ದಂತೆ.

ಬಾಯಿಯ ಕ್ಯಾನ್ಸರಿನ ಮಾತು ಬೇರೆ. ಇಲ್ಲಿ ಜೊಲ್ಲು ಎಲ್ಲವನ್ನೂ ತೊಳೆಯುತ್ತದೆ. ರೋಗ ಕತ್ತಿನ ಗ್ರಂಥಿಗಳಿಗೆ ಇಳಿದಿದ್ದರೆ ಕೆನ್ನೆಗೆ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಒದ್ದೆಯಾದ ಒಳಚರ್ಮಕ್ಕೆ ಅಂಟಿಕೊಳ್ಳುವ ಜೆಲ್‌ಗಳ ಸಂಶೋಧನೆ ನಡೆದಿದೆ. ಆದರೆ ಇಂದು ಕೆನ್ನೆಯ ಕ್ಯಾನ್ಸರಿಗೆ ಆಶ್ರಯವೆಂದರೆ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಕಿಮೊಥೆರಪಿಗಳೇ.

ಕಡೂರು, ತರೀಕೆರೆ, ಅಜ್ಜಂಪುರದ ನಮಗೆ ಇದು ಮನೆಯ ಮಾತು. ಅಡಿಕೆ ನಮ್ಮ ಅನ್ನ. ಆದರೆ ತಂಬಾಕು ಸೇರದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ತೋಟದವರಿಗೆ ಈ ಮಾತು ರುಚಿಸದು. ನಮಗೂ ತೋಟವಿದೆ.

ನಮ್ಮ ತಪ್ಪೊಂದನ್ನೂ ಹೇಳಬೇಕು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಅಡಿಕೆ ಸುಲಿಯುವ ಕೆಲಸದವರೊಬ್ಬರ ಬಾಯಿಹುಣ್ಣಿಗೆ ಯಷ್ಟಿಮಧು ಮತ್ತು ಜೇನುತುಪ್ಪದ ಲೇಪವನ್ನು ಒಂದೂವರೆ ತಿಂಗಳು ಕೊಟ್ಟೆವು. ಉರಿ ಶಮನವಾಗಿದ್ದರಿಂದ ಗುಣವಾಗುತ್ತಿದೆ ಎಂದು ಅವರೂ ನಂಬಿದರು, ನಾವೂ ನಂಬಿದೆವು. ತುಣುಕು ತೆಗೆದು ಪರೀಕ್ಷಿಸುವ ಹೊತ್ತಿಗೆ ಕತ್ತಿನಲ್ಲಿ ಗಂಟು ಮೂಡಿತ್ತು. ಅಂದಿನಿಂದ ಎರಡು ವಾರ ಮೀರಿದ ಯಾವ ಬಾಯಿಹುಣ್ಣಿಗೂ ನಾವು ಲೇಪ ಕೊಡುವುದಿಲ್ಲ, ಪರೀಕ್ಷೆಗೆ ಕಳುಹಿಸುತ್ತೇವೆ. ಒಳಗೆನ್ನೆಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಖಾರ ತಿಂದರೆ ತಾಳಲಾಗದ ಉರಿ, ತಮ್ಮದೇ ಮೂರು ಬೆರಳು ನೆಟ್ಟಗೆ ಒಳಗೆ ಹೋಗದಷ್ಟು ಬಾಯಿ ಬಿಗಿಯುವುದು, ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆಯಿದೆ. ಹೋಗುವಾಗ ಹಳೆಯ ಚೀಟಿಗಳ ಜೊತೆಗೆ ತಾವು ಸೇವಿಸುತ್ತಿರುವ ಆಯುರ್ವೇದ ಔಷಧಗಳ ಹೆಸರನ್ನೂ ಬರೆದೊಯ್ಯಿರಿ. ಕೆಲವು ಕಷಾಯಗಳು ಕಿಮೊ ಔಷಧದೊಡನೆ ಹೊಂದುವುದಿಲ್ಲ.

ಆ ತಾಯಿಗೆ ಇದನ್ನೆಲ್ಲ ಹೇಳಿ, ವಾಂತಿ ತಡೆಯಲು ಈಗ ಒಳ್ಳೆಯ ಔಷಧಗಳಿವೆ, ಸಂಕೋಚವಿಲ್ಲದೆ ಅಲ್ಲಿನ ವೈದ್ಯರಲ್ಲಿ ಕೇಳಿರೆಂದು ಚೀಟಿ ಬರೆದುಕೊಟ್ಟೆವು. ಮುಂದಿನ ಸೋಮವಾರ ಬೆಳಿಗ್ಗೆ ದಂಪತಿಗಳಿಬ್ಬರೂ ಬೀರೂರಿನಲ್ಲಿ ಬೆಂಗಳೂರಿನ ರೈಲು ಹತ್ತಿದರು.