ಹೊಟ್ಟೆನೋವಿನ ರೋಗನಿದಾನದಲ್ಲಿ ಗಣಕಯಂತ್ರ: ಶಸ್ತ್ರವೈದ್ಯ ಡಿ ಡೊಂಬಲ್ ಅವರ ಸಂಶೋಧನೆ

ಹಠಾತ್ತನೆ ಕಾಣಿಸಿಕೊಳ್ಳುವ ತೀವ್ರ ಹೊಟ್ಟೆನೋವು ಶಸ್ತ್ರವೈದ್ಯರನ್ನು ಇಕ್ಕಟ್ಟಿಗೆ ಸಿಲುಕಿಸುವ ಲಕ್ಷಣ. ತಡಮಾಡಿದರೆ ಅಪೆಂಡಿಕ್ಸ್ ಒಡೆದು ಸೋಂಕು ಉದರದಲ್ಲೆಲ್ಲ ಹರಡಬಹುದು. ಆತುರಪಟ್ಟರೆ ದೋಷವಿಲ್ಲದ ಉದರವನ್ನೇ ಕೊಯ್ದಂತಾಗಬಹುದು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಎಫ್. ಟಿ. ಡಿ ಡೊಂಬಲ್ ಅವರು ತಮ್ಮ ವೃತ್ತಿಜೀವನದ ಬಹುಭಾಗವನ್ನು ಈ ಸಮಸ್ಯೆಗೆ ಮೀಸಲಿಟ್ಟರು. 1960ರ ದಶಕದಲ್ಲಿ ಪ್ರೊ. ಜಾನ್ ಗೋಲಿಗರ್ ಅವರೊಡನೆ ದೊಡ್ಡ ಕರುಳಿನ ಹುಣ್ಣುರೋಗವನ್ನು ಅಭ್ಯಸಿಸಿದ್ದ ಅವರು ಬಳಿಕ ಗಣಕಯಂತ್ರದತ್ತ ಹೊರಳಿದರು.

ಅವರ ವಿಧಾನಕ್ಕೆ 18ನೆಯ ಶತಮಾನದ ಥಾಮಸ್ ಬೇಯ್ಸ್‌ನ ಸಂಭವನೀಯತಾ ಸೂತ್ರವೇ ಆಧಾರ. ಹೊಕ್ಕುಳಿನ ಸುತ್ತ ಹುಟ್ಟಿದ ನೋವು ಬಲ ಕೆಳಹೊಟ್ಟೆಗೆ ಸರಿದರೆ ಅಪೆಂಡಿಕ್ಸ್ ಉರಿಯೂತದ ಸಾಧ್ಯತೆ ಹೆಚ್ಚುತ್ತದೆ, ಪಿತ್ತಕೋಶದ ಉರಿಯೂತದ ಸಾಧ್ಯತೆ ತಗ್ಗುತ್ತದೆ. ಎಷ್ಟು ಹೆಚ್ಚುತ್ತದೆ, ಎಷ್ಟು ತಗ್ಗುತ್ತದೆ ಎಂಬುದನ್ನು ಹಿಂದಿನ ನೂರಾರು ರೋಗಿಗಳ ದಾಖಲೆಗಳಿಂದ ಎಣಿಸಿ ತೆಗೆಯಲಾಯಿತು. ವೈದ್ಯರು ರೋಗಿಯನ್ನು ಪರೀಕ್ಷಿಸಿ, ಪ್ರತಿಯೊಂದು ಲಕ್ಷಣವನ್ನೂ ಖಚಿತ ಅರ್ಥವುಳ್ಳ ಪದಗಳಲ್ಲಿ ನಮೂನೆಯೊಂದರಲ್ಲಿ ತುಂಬುತ್ತಿದ್ದರು. ಯಂತ್ರವು ಏಳು ಬಗೆಯ ನಿದಾನಗಳ ಸಾಧ್ಯತೆಯನ್ನು ಲೆಕ್ಕಹಾಕುತ್ತಿತ್ತು.

1972ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕದ ಗಮನ ಸೆಳೆಯಿತು. 304 ರೋಗಿಗಳಲ್ಲಿ ಯಂತ್ರದ ನಿದಾನ ಶೇ. 91.8ರಷ್ಟು ಸರಿಯಾಗಿತ್ತು, ತಂಡದ ಅತ್ಯಂತ ಹಿರಿಯ ವೈದ್ಯರದು ಶೇ. 79.6. ನಮಗೆ ಇದಕ್ಕಿಂತ ಅರ್ಥಪೂರ್ಣವಾಗಿ ತೋರುವುದು ಅದೇ ವರ್ಷದ ಇನ್ನೊಂದು ಪ್ರಯೋಗ. ದಾಖಲೆಗಳ ಬದಲು ವೈದ್ಯರು ಅನುಭವದಿಂದ ಅಂದಾಜಿಸಿದ ಸಂಭವನೀಯತೆಗಳನ್ನು ಯಂತ್ರಕ್ಕೆ ಒದಗಿಸಿದಾಗ ನಿಖರತೆ ಶೇ. 82.2ಕ್ಕೆ ಇಳಿಯಿತು. ಸೂತ್ರ ಅದೇ, ರೋಗಗಳೂ ಅವೇ. ಸೋತದ್ದು ಮನುಷ್ಯನ ನೆನಪು. (ಇಂಥ ಗಣನೆಯನ್ನು ಕೃತಕ ಬುದ್ಧಿಮತ್ತೆಯೆಂದು ಕರೆಯಲು ಅಂದು ಹಲವರು ಒಪ್ಪುತ್ತಿರಲಿಲ್ಲ. ದತ್ತಾಂಶದಿಂದ ಕಲಿಯುವ ಇಂದಿನ ಯಂತ್ರಗಳ ದೃಷ್ಟಿಯಿಂದ ಆ ತಕರಾರು ನಿಲ್ಲಲಾರದು.)

ಆದರೆ ಲೀಡ್ಸ್‌ನ ಅಂಕಿಅಂಶಗಳನ್ನು ಕೋಪನ್‌ಹೇಗನ್ನಿನ ರೋಗಿಗಳಿಗೆ ಅನ್ವಯಿಸಿದಾಗ ಆ ನಿಖರತೆ ಉಳಿಯಲಿಲ್ಲ. ರೋಗಗಳ ಪ್ರಮಾಣವೂ ಲಕ್ಷಣಗಳನ್ನು ದಾಖಲಿಸುವ ರೀತಿಯೂ ಊರಿಂದೂರಿಗೆ ಬದಲಾಗುತ್ತವೆ. ಒಂದೆಡೆ ತರಬೇತಾದ ಯಂತ್ರವನ್ನು ಬೇರೆಡೆ ಬಳಸುವವರು ಇಂದಿಗೂ ಎದುರಿಸುವ ತೊಡಕು ಇದೇ.

ಮತ್ತೊಂದು ಸಂಗತಿ 1974ರ ವರದಿಯಲ್ಲಿದೆ. ಪ್ರಯೋಗ ನಡೆದಷ್ಟು ಕಾಲ ವೈದ್ಯರ ಸ್ವಂತ ನಿದಾನವೂ ಸುಧಾರಿಸಿತು; ಪ್ರಯೋಗ ನಿಂತ ಮೇಲೆ ಅದು ಮತ್ತೆ ಹಿಂದಿನ ಮಟ್ಟದತ್ತ ಜಾರಿತು. ನಮೂನೆ ತುಂಬುವ ಶಿಸ್ತು, ತಮ್ಮ ನಿದಾನ ಸರಿಯೋ ತಪ್ಪೋ ಎಂಬ ಅರಿವು ಇವೇ ಆ ಸುಧಾರಣೆಗೆ ಕಾರಣವೆನ್ನಬಹುದು. 1986ರಲ್ಲಿ ಪ್ರಕಟವಾದ, ಎಂಟು ಆಸ್ಪತ್ರೆಗಳ 16,737 ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ ಆರಂಭಿಕ ನಿದಾನದ ನಿಖರತೆ ಶೇ. 45.6ರಿಂದ 65.3ಕ್ಕೆ ಏರಿತು, ಅನಗತ್ಯವಾಗಿ ಉದರ ತೆರೆಯುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಇಂದು ಕೊಲೊನೊಸ್ಕೋಪಿಯ ಪರದೆಯ ಮೇಲೆ ಯಂತ್ರವೇ ಗಂಟುಗಳನ್ನು ಗುರುತಿಸಿ ತೋರಿಸುತ್ತದೆ. ಪೋಲೆಂಡಿನ ನಾಲ್ಕು ಕೇಂದ್ರಗಳ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಯಂತ್ರದ ನೆರವಿಲ್ಲದೆ ನಡೆಸಿದ ಪರೀಕ್ಷೆಗಳಲ್ಲಿ ಕ್ಯಾನ್ಸರಿಗೆ ತಿರುಗಬಲ್ಲ ಗಂಟುಗಳು ಪತ್ತೆಯಾಗುವ ಪ್ರಮಾಣ ಮೊದಲು ಶೇ. 28.4 ಇದ್ದದ್ದು, ವೈದ್ಯರಿಗೆ ಯಂತ್ರದ ಬಳಕೆ ರೂಢಿಯಾದ ಬಳಿಕ ಶೇ. 22.4ಕ್ಕೆ ಕುಸಿದಿತ್ತು. ಇದು ಕೇವಲ ಅವಲೋಕನಾತ್ಮಕ ಅಧ್ಯಯನವಾದ್ದರಿಂದ ಬೇರೆ ಕಾರಣಗಳನ್ನು ಅಲ್ಲಗಳೆಯಲಾಗದು. ಆದರೂ ವ್ಯತ್ಯಾಸವೊಂದು ಗಮನಾರ್ಹ: ಲೀಡ್ಸ್‌ನಲ್ಲಿ ವೈದ್ಯರು ಮೊದಲು ರೋಗಿಯನ್ನು ಪರೀಕ್ಷಿಸಿ ಬರೆದಿಡದೆ ಯಂತ್ರವು ಏನನ್ನೂ ಹೇಳುವಂತಿರಲಿಲ್ಲ.