ಮೆಡಿಕಲ್ ಕಾಲೇಜಿನ ಕೆಲಸ: ಜನ ನಂಬಿದ್ದು ಒಂದು, ಇರುವುದು ಇನ್ನೊಂದು

ವಿಧಾನಮಂಡಲದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯದಲ್ಲಿ ಸಿಗುವ ಕೆಲಸವೆಲ್ಲ ಸರ್ಕಾರಿ ಕೆಲಸ ಎಂಬುದು ವ್ಯಾಪಕ ತಪ್ಪು ಕಲ್ಪನೆ. ಹಾರೋಹಳ್ಳಿ ಬಳಿಯ ದೇವರಕಗ್ಗಲಹಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ನಡೆಸುತ್ತಿರುವ ದಯಾನಂದ ಸಾಗರ ವಿಶ್ವವಿದ್ಯಾಲಯಕ್ಕೆ 2014ರ ರಾಜ್ಯ ಕಾಯ್ದೆಯೇ ಆಧಾರ. ಆದರೂ ಅದು ಖಾಸಗಿ. ಬಿ.ಜಿ. ನಗರದ ಆದಿಚುಂಚನಗಿರಿ ವಿಶ್ವವಿದ್ಯಾಲಯವೂ ಹಾಗೆಯೇ. ಇಂಥ ಕಡೆ ನೇಮಕ ಮಾಡುವುದು ಆಡಳಿತ ಮಂಡಳಿ, ಕೆಪಿಎಸ್‌ಸಿಯಲ್ಲ. ಸಂಬಳ, ರಜೆ, ಪ್ರೊಬೇಷನ್ ಎಲ್ಲಕ್ಕೂ ನೇಮಕಾತಿ ಪತ್ರವೇ ಆಧಾರ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ರಾಮನಗರಕ್ಕೆ ಬಂದರೆ ನರ್ಸ್‌ಗಳಿಗೆ ಸಾಲುಸಾಲು ಕೆಲಸ ಎಂಬ ಮಾತು ಅಲ್ಲಿನ ಅರ್ಚಕರಹಳ್ಳಿ ಕ್ಯಾಂಪಸ್ ಯೋಜನೆಯಷ್ಟೇ ಹಳೆಯದು. 1996ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ವಿಶ್ವವಿದ್ಯಾಲಯದ ಮುಖ್ಯ ಕೆಲಸ ಕಾಲೇಜುಗಳಿಗೆ ಸಂಯೋಜನೆ ಕೊಡುವುದು, ಪರೀಕ್ಷೆ ನಡೆಸುವುದು, ಪದವಿ ನೀಡುವುದು. ಸಂಯೋಜಿತ ಕಾಲೇಜಿನ ವೈದ್ಯರಾಗಲಿ ನರ್ಸ್ ಆಗಲಿ ಅದರ ನೌಕರರಲ್ಲ. ಕಚೇರಿಯಷ್ಟೇ ಸ್ಥಳಾಂತರವಾದರೆ ಜೊತೆಗೆ ಬರುವುದು ಕಚೇರಿ ಹುದ್ದೆಗಳು. ವಾರ್ಡಿನ ಹುದ್ದೆ ಬೇಕೆಂದರೆ ಆಸ್ಪತ್ರೆಯೇ ಕಟ್ಟಬೇಕು.

ಆಸ್ಪತ್ರೆಯಲ್ಲಿ ಡಾಕ್ಟರ್, ನರ್ಸ್, ಆಯಾ ಬಿಟ್ಟರೆ ಬೇರೆ ಕೆಲಸವಿಲ್ಲ ಎಂದುಕೊಂಡೇ ಹಳ್ಳಿಯ ಅನೇಕ ಮಕ್ಕಳು ಈ ಕ್ಷೇತ್ರದತ್ತ ತಲೆಹಾಕುವುದಿಲ್ಲ. ರೋಗಿಯ ಕಣ್ಣಿಗೆ ಬೀಳದ ವಿಭಾಗಗಳೇ ಎಷ್ಟೋ ಇವೆ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತೊಳೆದು, ಎಣಿಸಿ, ಬಟ್ಟೆಯಲ್ಲಿ ಸುತ್ತಿ ಟೇಪ್ ಅಂಟಿಸಿ ಆಟೋಕ್ಲೇವ್‌ಗೆ ಇಡುವ ಸಿಎಸ್‌ಎಸ್‌ಡಿ (ಕೇಂದ್ರೀಯ ಕ್ರಿಮಿಶುದ್ಧಿ ವಿಭಾಗ) ಅಂಥದ್ದೊಂದು. 121 ಅಥವಾ 134 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಆ ಟೇಪಿನ ಗೆರೆಗಳು ಕಪ್ಪಾಗುತ್ತವೆ. ಕಪ್ಪಾಗದ ಕಟ್ಟು ಓ.ಟಿ.ಗೆ ಹೋಗುವಂತಿಲ್ಲ, ಅದನ್ನು ತಡೆಯುವ ಹೊಣೆ ಅಲ್ಲಿನ ಟೆಕ್ನಿಷಿಯನ್‌ದು. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಮೆಡಿಕಲ್ ರೆಕಾರ್ಡ್ಸ್ ವಿಭಾಗಗಳಿಗೂ ತರಬೇತಿ ಪಡೆದವರೇ ಬೇಕು. ಬಿಲ್ಲಿಂಗ್ ಕೌಂಟರಿಗೆ ಬಿ.ಕಾಂ. ಆದವರಾದರೂ ನಡೆಯುತ್ತದೆ.

ಪಿಯುಸಿಯಲ್ಲಿ ವಿಜ್ಞಾನ ಓದದವರಿಗೆ ದಾರಿ ಮುಚ್ಚಿತು ಎನ್ನುವುದೂ ಪೂರ್ತಿ ಸರಿಯಲ್ಲ. ಬಿ.ಎಸ್ಸಿ. ನರ್ಸಿಂಗ್‌ಗೆ ವಿಜ್ಞಾನ ಬೇಕು, ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾಗೆ ಕಲಾ ವಿಭಾಗದವರೂ ಸೇರಬಹುದು. ಪ್ಯಾರಾಮೆಡಿಕಲ್ ಡಿಪ್ಲೊಮಾಗೆ ಎಸ್ಸೆಸ್ಸೆಲ್ಸಿ ನಂತರವೇ ಅವಕಾಶವಿದೆ. ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಅಷ್ಟೆ. ನರ್ಸ್ ಆಗಿ ಕೆಲಸ ಮಾಡಲು ನರ್ಸಿಂಗ್ ಕೌನ್ಸಿಲ್ ನೋಂದಣಿ ಕಡ್ಡಾಯ.

ಸೆಕ್ಯುರಿಟಿ, ಹೌಸ್‌ಕೀಪಿಂಗ್‌ನವರು ಆಸ್ಪತ್ರೆಯ ಹೆಸರಿರುವ ಯೂನಿಫಾರ್ಮ್ ತೊಟ್ಟರೂ ಅನೇಕ ಕಡೆ ಅವರ ಮಾಲೀಕ ಗುತ್ತಿಗೆದಾರ. ಪೇಸ್ಲಿಪ್ ಮೇಲೆ ಯಾರ ಹೆಸರಿದೆ ಎಂದು ನೋಡಿದರೆ ಅದು ತಿಳಿಯುತ್ತದೆ. ಗುತ್ತಿಗೆಯವರಿಗೆ ಪಿಎಫ್, ಇಎಸ್‌ಐ ಇಲ್ಲ ಎಂಬ ಮಾತು ಮಾತ್ರ ಶುದ್ಧ ಸುಳ್ಳು. ನಿಗದಿತ ಮಿತಿಯೊಳಗಿನ ಸಂಬಳದವರಿಗೆ ಎರಡೂ ಅನ್ವಯಿಸುತ್ತವೆ. ಗುತ್ತಿಗೆದಾರ ಬದಲಾದರೂ ಪಿಎಫ್‌ನ ಯುಎಎನ್ ಸಂಖ್ಯೆ ಅದೇ ಇರುತ್ತದೆ, ಹೊಸಬನಿಗೆ ಅದನ್ನೇ ಕೊಡಬೇಕು.